ಪಾಚಿ ಚೆಂದ, ದಂತ ವಾಸಿ

ಹೊಲಿಗೆ ಕೋಣೆಯ ಗೋಡೆಗೆ ಯಾವ ಬಣ್ಣ ಅನ್ನುವುದರ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಪಾಚಿ ಬಣ್ಣ ನೋಡಲು ಚೆಂದ, ದಂತದ ಬಣ್ಣ ಕೂತು ಕೆಲಸ ಮಾಡಲು ವಾಸಿ. ಅವಸರದಲ್ಲಿರುವವರು ಇಷ್ಟಕ್ಕೇ ಎದ್ದು ಹೋಗಬಹುದು. ಡಬ್ಬಿ ತರುವ ಮುಂಚೆ ಸ್ವಲ್ಪ ಹೊತ್ತಿದೆ ಅನ್ನುವವರು ಕೂರಿ. ಈ ಎರಡು ಬಣ್ಣಗಳ ನಡುವೆ ನಾನು ಎಂಟು ದಿನ ಒದ್ದಾಡಿದ್ದೇನೆ, ಕೊನೆಗೆ ಎರಡನ್ನೂ ಹೊಡೆಸಿ ಒಂದು ವರ್ಷ ಅವುಗಳ ನಡುವೆಯೇ ಕಳೆದಿದ್ದೇನೆ.

ಕೋಣೆ ಹೇಗಿದೆ ಅಂತ ಹೇಳದೆ ಬಣ್ಣದ ಮಾತಾಡುವುದು ಅಳತೆ ತೆಗೆದುಕೊಳ್ಳದೆ ಬಟ್ಟೆಗೆ ಕತ್ತರಿ ಹಾಕಿದ ಹಾಗೆ. ನನ್ನದು 11 ಅಡಿ ಅಗಲ, 13 ಅಡಿ ಉದ್ದದ ಕೋಣೆ. ಇರುವುದು ಒಂದೇ ಕಿಟಕಿ, ಅದೂ ಪಶ್ಚಿಮಕ್ಕೆ. ಕಿಟಕಿಯಾಚೆ 9 ಅಡಿಗೆ ಪಕ್ಕದ ಮನೆಯ ಮೂರಂತಸ್ತಿನ ಗೋಡೆ, ಇಟ್ಟಿಗೆಗೆಂಪು. ಹಾಗಾಗಿ ಪಶ್ಚಿಮದ ಕಿಟಕಿ ಅಂತ ಹೆಸರಿಗೆ ಮಾತ್ರ, ಸಂಜೆ ಬಿಸಿಲು ಒಳಗೆ ಬಂದದ್ದೇ ಇಲ್ಲ. ನಾನು ಎಡಚಿ, ಅದಕ್ಕೇ ಕಿಟಕಿ ಬಲಕ್ಕೆ ಬರುವ ಹಾಗೆ ಹೊಲಿಗೆ ಮೆಷಿನ್ನು ಹಾಕಿಕೊಂಡಿದ್ದೇನೆ. ಅದರ ಪಕ್ಕ ಕಟಿಂಗ್ ಟೇಬಲ್ಲು. ನನ್ನ ಮುಂದಿನ ಗೋಡೆಗೆ ಆಳೆತ್ತರದ ಕನ್ನಡಿ. ಕಿಟಕಿಯಿಂದ ದೂರದ ಬದಿಗೆ ಅಮ್ಮನ ಮಂಚ. ಅವಳು ಮಲಗಿದರೆ ಕಾಣುವುದು ನನ್ನ ಬೆನ್ನ ಹಿಂದಿನ ಗೋಡೆ. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರ ತನಕ ಕೋಣೆ ನನ್ನದು, ಅಲ್ಲಿಂದ ಮುಂದೆ ಅವಳದು. ಜಗಳ ಹುಟ್ಟಿದ್ದೇ ಇಲ್ಲಿಂದ.

ಶೇಡ್ ಕಾರ್ಡಿನಲ್ಲಿ ಇವೆರಡಕ್ಕೂ ಉದ್ದುದ್ದ ಹೆಸರುಗಳಿದ್ದವು. ಬೆಳದಿಂಗಳು, ಪಿಸುಮಾತು, ಇಬ್ಬನಿ ಅನ್ನುವ ಧಾಟಿಯ ಹೆಸರಿಟ್ಟರೆ ಬಣ್ಣ ಯಾವುದೆಂದು ಯಾರಿಗೆ ಗೊತ್ತಾಗಬೇಕು? ಮನೆಯಲ್ಲಿ ನಾವು ಕರೆದದ್ದು ದಂತ, ಪಾಚಿ ಎಂದೇ. ದಂತ ಅಂದರೆ ಬಿಳಿಗೆ ಒಂದೆಳೆ ಹಳದಿ, ಅದರ ಹಿಂದೆ ಗೊತ್ತೂ ಆಗದಷ್ಟು ಬೂದು. ಹಳದಿ ಅಂತ ಬೈಯುವ ಹಾಗಿಲ್ಲ, ಬಿಳಿ ಅಂತ ಹೊಗಳುವ ಹಾಗೂ ಇಲ್ಲ. ಪಾಚಿ ಅಂದರೆ ಹಸಿ ಪಾಚಿಯಲ್ಲ, ಕಲ್ಲಿನ ಮೇಲೆ ಒಣಗಿ ಕೂತ ಪಾಚಿ. ಹಸಿರಿಗೆ ಒಂದು ಹಿಡಿ ಬೂದಿ ಬೆರೆಸಿದ ಹಾಗೆ.

ಕಾರ್ಡಿನಲ್ಲಿ ಓದಬೇಕಾದದ್ದು ಹೆಸರಲ್ಲ. ಬಹಳಷ್ಟು ಕಾರ್ಡುಗಳ ಹಿಂಬದಿ ಸಣ್ಣ ಅಕ್ಷರದಲ್ಲಿ ಎಲ್‌ಆರ್‌ವಿ ಅಂತ ಒಂದು ಸಂಖ್ಯೆ ಇರುತ್ತದೆ, ಅದನ್ನು ಓದಿ. ಗೋಡೆಗೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ಪಾಲು ವಾಪಸು ಬರುತ್ತದೆ ಎಂಬ ಲೆಕ್ಕ ಅದು. ಅಪ್ಪಟ ಕಪ್ಪಿಗೆ 0, ಅಪ್ಪಟ ಬಿಳಿಗೆ 100. ನಮ್ಮ ದಂತಕ್ಕೆ 76, ಪಾಚಿಗೆ 51. ನೋಡಿದಾಗ ಅಂಥ ದೊಡ್ಡ ವ್ಯತ್ಯಾಸ ಅನ್ನಿಸಲಿಲ್ಲ. ಆದರೆ ಬೆಳಕು ಒಂದು ಗೋಡೆಗೆ ಬಡಿದು ಸುಮ್ಮನಾಗುವುದಿಲ್ಲ. ಎದುರು ಗೋಡೆಗೆ ಹೋಗುತ್ತದೆ, ಅಲ್ಲಿಂದ ಇನ್ನೊಂದಕ್ಕೆ. ಎರಡು ಸಲ ಬಡಿದ ಮೇಲೆ ದಂತದಲ್ಲಿ 100ಕ್ಕೆ 58 ಪಾಲು ಉಳಿದರೆ ಪಾಚಿಯಲ್ಲಿ ಉಳಿಯುವುದು 26. ಮೂರನೇ ಸಲಕ್ಕೆ 44 ಮತ್ತು 13. ಒಂದೇ ಕಿಟಕಿಯ ಕೋಣೆಯಲ್ಲಿ ಮೂಲೆಗಳಿಗೆ ಬೆಳಕು ತಲುಪುವುದೇ ಹೀಗೆ ಪುಟಿದು ಪುಟಿದು. ಸೂಜಿಗೆ ದಾರ ಪೋಣಿಸುವವಳಿಗೆ ಈ ಲೆಕ್ಕ ತಮಾಷೆಯಲ್ಲ.

ಬಣ್ಣ ನೋಡುವುದನ್ನು ನಾನು ಕಲಿತದ್ದು ಅಮ್ಮನಿಂದ. ನಲವತ್ತು ವರ್ಷ ಅವಳೂ ಇದೇ ಮೆಷಿನ್ನಿನ ಮುಂದೆ ಕೂತವಳು. ‘ಟ್ಯೂಬ್‌ಲೈಟ್ ಕೆಳಗೆ ದಾರ ಆರಿಸಬೇಡ, ಬಾಗಿಲಾಚೆ ಹೋಗಿ ಹಿಡಿದು ನೋಡು’ ಅನ್ನುವುದು ಅವಳ ಮೊದಲ ಪಾಠ. ಅಂಗಡಿಯ ದೀಪದಲ್ಲಿ ಬಟ್ಟೆಗೂ ದಾರಕ್ಕೂ ಒಂದೇ ಬಣ್ಣ, ಹೊರಗೆ ತಂದರೆ ದಾರ ಬೇರೆ ಬಟ್ಟೆ ಬೇರೆ. ಎರಡಕ್ಕೂ ಹಾಕಿದ ಬಣ್ಣದ ಮೂಲವಸ್ತು ಬೇರೆಯಾಗಿದ್ದರೆ ಒಂದು ಬೆಳಕಿನಲ್ಲಿ ಹೊಂದಿದ್ದು ಇನ್ನೊಂದರಲ್ಲಿ ಕೈಕೊಡುತ್ತದೆ. ಹೀಗಾಗುವುದಕ್ಕೆ ಮೆಟಾಮೆರಿಸಂ ಅಂತ ಹೆಸರಿದೆ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಅಮ್ಮ ಅದನ್ನು ‘ಬಣ್ಣದ ಕಳ್ಳಾಟ’ ಅನ್ನುತ್ತಿದ್ದಳು. ದಾರ ಹೊಂದಿಸುವುದರಲ್ಲಿ ಅವಳ ಕಣ್ಣು ತಪ್ಪಿದ್ದನ್ನು ನಾನು ಕಂಡಿಲ್ಲ. ಈಗಲೂ ರೀಲುಗಳ ಡಬ್ಬಿ ಜೋಡಿಸಿಡುವುದು ಅವಳ ಕೆಲಸವೇ. ಹೋದ ವರ್ಷ ಒಮ್ಮೆ ನೇವಿ ಬ್ಲೂ ಬಟ್ಟೆಗೆ ಕಪ್ಪು ದಾರ ಎತ್ತಿಕೊಟ್ಟಳು. ಸಂಜೆಯಾಗಿತ್ತು, ಬೆಳಕು ಸಾಲದೇನೋ ಅಂದುಕೊಂಡು ಸುಮ್ಮನಾದೆ.

ಇಷ್ಟೆಲ್ಲ ಪಾಠ ಕಲಿತವಳು ಮೊದಲ ಹೆಜ್ಜೆಯಲ್ಲೇ ಎಡವಿದೆ. ಎರಡು ಪುಟ್ಟ ಸ್ಯಾಂಪಲ್ ಡಬ್ಬಿ ತಂದು ಹಳೆಯ ಗೋಡೆಯ ಮೇಲೇ ಒಂದೊಂದು ಪಟ್ಟಿ ಬಳಿದುಬಿಟ್ಟೆ. ಹಳೆಯ ಗೋಡೆ ಹದಿನಾಲ್ಕು ವರ್ಷದ ತಿಳಿನೀಲಿ. ಅದರ ಮೇಲೆ ದಂತ ಎಷ್ಟು ಹಳದಿಯಾಗಿ ಕಂಡಿತೆಂದರೆ ಅಂಗಡಿಯವರು ಬೇರೆ ಡಬ್ಬಿ ಕೊಟ್ಟರೇನೋ ಎಂದು ಮುಚ್ಚಳದ ನಂಬರ್ ಮತ್ತೆ ಓದಿದೆ. ನಂಬರ್ ಸರಿಯಿತ್ತು. ನೀಲಿ ತನ್ನ ಪಕ್ಕದಲ್ಲಿರುವುದನ್ನು ಹಳದಿಯ ಕಡೆಗೆ ತಳ್ಳುತ್ತದೆ, ಅಷ್ಟೆ. ಬಟ್ಟೆ ನೇಯುವವರ ಲೋಕದಲ್ಲಿ ಇದೊಂದು ಹಳೆಯ ದೂರು. ಪ್ಯಾರಿಸಿನ ಗೋಬಲಾ ನೇಯ್ಗೆಯ ಕಾರ್ಖಾನೆಯಲ್ಲಿ 1824ರಿಂದ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ಶೆವ್ರಲ್ ಎಂಬ ರಸಾಯನ ವಿಜ್ಞಾನಿಗೆ, ಕಪ್ಪು ನೂಲಿಗೆ ಗಾಢತನ ಸಾಲದು ಅಂತ ದೂರು ಬಂದಿತ್ತು. ಆತ ನೂಲನ್ನು ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವೇ ಇಲ್ಲ. ದೋಷವೆಲ್ಲ ಅದರ ಪಕ್ಕ ನೇಯ್ದ ಬಣ್ಣದ್ದು. ನೂಲಿಗಾದರೆ ಸೈ, ಗೋಡೆಗೆ ಮಾತ್ರ ಈ ಮಾತು ನನಗೆ ಹೊಳೆಯಲಿಲ್ಲ.

ಆಮೇಲೆ ಬುದ್ಧಿ ಬಂತು. ಎರಡೂವರೆ ಅಡಿ ಉದ್ದ, ಎರಡಡಿ ಅಗಲದ ಎರಡು ದಪ್ಪ ರಟ್ಟು ತಂದು, ಸುತ್ತಲೂ ಎರಡಿಂಚು ಬಿಳಿ ಅಂಚು ಬಿಟ್ಟು, ಎರಡೆರಡು ಕೋಟ್ ಹೊಡೆದೆ. ಒಂದೇ ಕೋಟ್ ಹೊಡೆದು ನೋಡಿದರೆ ಕೆಳಗಿನದೂ ಇಣುಕುತ್ತದೆ, ನಂಬಬೇಡಿ. ಒಣಗುವ ಮುಂಚೆಯೂ ತೀರ್ಮಾನ ಮಾಡಬೇಡಿ. ನೀರಿನ ಎಮಲ್ಷನ್ ಹಸಿಯಿದ್ದಾಗ ಹಾಲಿನ ಹಾಗೆ ಮಂಜುಮಂಜಾಗಿರುತ್ತದೆ, ಒಣಗಿ ಆ ಮಂಜು ಹೋದ ಮೇಲೆ ಒಂದು ಮಟ್ಟ ಗಾಢವಾಗುತ್ತದೆ. ದಂತದಲ್ಲಿ ಇದು ಅಷ್ಟಾಗಿ ತಿಳಿಯುವುದಿಲ್ಲ, ಪಾಚಿಯಲ್ಲಿ ಚೆನ್ನಾಗಿ ತಿಳಿಯುತ್ತದೆ. ರಟ್ಟನ್ನು ನೆಲದ ಮೇಲೆ ಮಲಗಿಸಿ ನೋಡುವುದೂ ತಪ್ಪು. ಗೋಡೆ ನಿಂತಿರುತ್ತದೆ, ರಟ್ಟೂ ನಿಂತಿರಬೇಕು. ದಿನಕ್ಕೊಂದು ಗೋಡೆಗೆ ಒರಗಿಸಿ, ದಾರದ ಹಾಗೆಯೇ, ಬೇರೆ ಬೇರೆ ಬೆಳಕಿಗೆ ಹಿಡಿದು ನೋಡತೊಡಗಿದೆ.

ಬೆಳಗ್ಗೆ ಹತ್ತರ ಹೊತ್ತಿಗೆ ಒಂದು ಚೋದ್ಯ ನಡೆಯುತ್ತಿತ್ತು. ಬಿಸಿಲು ನಮ್ಮ ಸೂರಿನ ಮೇಲಿಂದ ದಾಟಿ ಪಕ್ಕದ ಮನೆಯ ಕೆಂಪು ಗೋಡೆಗೆ ಬೀಳುತ್ತದೆ. ಹತ್ತರಿಂದ ಹನ್ನೆರಡರ ತನಕ ಆ ಗೋಡೆಯೇ ನಮ್ಮ ಕೋಣೆಗೆ ದೀಪ. ಹದಿನಾಲ್ಕು ವರ್ಷ ಅದೇ ಬೆಳಕಿನಲ್ಲಿ ಕೂತರೂ ನಾನು ಗಮನಿಸಿದ್ದೇ ಇಲ್ಲ. ದಂತದ ರಟ್ಟು ಬಂದ ಮೇಲೆ ಕಣ್ಣಿಗೆ ಬಿತ್ತು. ರಟ್ಟಿನ ಬಲ ಅಂಚಿನಿಂದ ಸಣ್ಣಗೆ ಗುಲಾಬಿ ಏರುತ್ತಾ ಬಂದು ನಡುಭಾಗದ ತನಕ ಹರಡಿ, ಹನ್ನೆರಡು ದಾಟಿದ ಮೇಲೆ ಮೆಲ್ಲಗೆ ಇಳಿದುಹೋಗುತ್ತಿತ್ತು. ಕೈ ಅಡ್ಡ ಹಿಡಿದರೆ ಕೈಯ ನೆರಳು ಬೂದುನೀಲಿ, ಸುತ್ತ ಗುಲಾಬಿ. ಚೆಂದವೇ, ಆದರೆ ನಾನು ಹಣ ಕೊಟ್ಟು ತಂದ ಬಣ್ಣವಲ್ಲ ಅದು. ಅದೇ ಹೊತ್ತಿನಲ್ಲಿ ಪಾಚಿಯ ಗತಿ ಇನ್ನೂ ಕಷ್ಟ. ಹಸಿರು ಬಣ್ಣಕ್ಕೆ ಕೆಂಪು ಬೆಳಕನ್ನು ವಾಪಸು ಕೊಡುವ ಅಭ್ಯಾಸವಿಲ್ಲ, ನುಂಗಿಕೊಳ್ಳುತ್ತದೆ. ರಟ್ಟು ಕೆಸರು ಮೆತ್ತಿದ ಹಾಗೆ ಮಂಕಾಗಿ ಕೂತಿರುತ್ತಿತ್ತು. ಎಂಟು ದಿನದಲ್ಲಿ ಒಂದು ದಿನವೂ ಬೆಳಗಿನ ಹೊತ್ತು ಪಾಚಿ ನನಗೆ ಹಿಡಿಸಲಿಲ್ಲ.

ಮಧ್ಯಾಹ್ನ ಎರಡರ ಮೇಲೆ ಆಟ ತಿರುಗುತ್ತದೆ. ಕೆಂಪು ಗೋಡೆ ನೆರಳಿಗೆ ಸೇರಿ, ಒಳಗೆ ಬರುವುದು ಆಕಾಶದ ತಂಪು ಬೆಳಕು ಮಾತ್ರ. ದಂತದೊಳಗೆ ಅಡಗಿದ್ದ ಬೂದು ಆಗ ಹೊರಗೆ ಬಂದು, ಗೋಡೆ ಸ್ವಲ್ಪ ಸಪ್ಪೆಯಾಗುತ್ತದೆ. ಪಾಚಿಗೆ ಮಾತ್ರ ಜೀವ ಬರುತ್ತದೆ. ಮಳೆ ನಿಂತ ಮೇಲಿನ ಗಿಡಗಳಿಗಿರುತ್ತದಲ್ಲ, ಆ ತಣ್ಣನೆಯ ಹಸಿರು. ಮುಸ್ಸಂಜೆಯಲ್ಲಂತೂ, ದೀಪ ಹಾಕುವ ಮುಂಚಿನ ಹತ್ತು ಹದಿನೈದು ನಿಮಿಷ, ಕೋಣೆಯಲ್ಲಿದ್ದ ಬೇರೆಲ್ಲ ಬಣ್ಣ ಮುಳುಗುತ್ತಿದ್ದರೂ ಪಾಚಿ ತಾನೇ ಬೆಳಗಿದ ಹಾಗೆ ಕಾಣುತ್ತಿತ್ತು. ಕತ್ತಲು ಕವಿಯುವಾಗ ನಮ್ಮ ಕಣ್ಣು ಮೊದಲು ಕೈಬಿಡುವುದು ಕೆಂಪನ್ನು, ಕೊನೆಯ ತನಕ ಹಿಡಿದುಕೊಳ್ಳುವುದು ಹಸಿರು ನೀಲಿಗಳನ್ನು. 19ನೇ ಶತಮಾನದ ಚೆಕ್ ವಿಜ್ಞಾನಿ ಪುರ್ಕಿನ್ಯೆಯ ಹೆಸರಿನಲ್ಲೇ ಇದನ್ನು ಕರೆಯುತ್ತಾರೆ. ಮುಸ್ಸಂಜೆ ಅಮ್ಮ ಎದ್ದು ಕೂರುವ ಹೊತ್ತು. ಅವಳ ಮತ ಯಾವ ಕಡೆ ಅನ್ನುವುದು ಬೇರೆ ಹೇಳಬೇಕಾಗಿಲ್ಲ.

ಅವಳು ಪಾಚಿಯನ್ನು ಮೆಚ್ಚಿದ್ದಷ್ಟೇ ಆಗಿದ್ದರೆ ನಾನು ಒಪ್ಪಿಸುತ್ತಿದ್ದೆ. ದಂತವನ್ನು ತೆಗಳಿದ ರೀತಿ ನನ್ನ ಧೈರ್ಯ ಕೆಡಿಸಿತು. ಮಟಮಟ ಮಧ್ಯಾಹ್ನದ ಬೆಳಕಿನಲ್ಲಿ ರಟ್ಟನ್ನು ಮುಖದ ಹತ್ತಿರ ಹಿಡಿದು, ‘ಇದೇನೇ ಇದು, ಹಳೇ ಕಾಗದದ ಹಾಗಿದೆ. ಹೊಸದಾಗಿ ಬಳಿದು ಹಳೇದು ಮಾಡಿಕೊಳ್ಳೋದು ಯಾಕೆ?’ ಅಂದಳು.

‘ಅಮ್ಮಾ, ಇದು ಹತ್ತಿರ ಹತ್ತಿರ ಬಿಳಿ.’

‘ಬಿಳಿ ಯಾವುದು ಅಂತ ನನಗೆ ಹೇಳಿಕೊಡ್ತೀಯಾ?’

ನಾನು ಹೊಲಿದ ಮೊದಲ ಅಂಗಿಯ ಗುಂಡಿಗಳನ್ನು ‘ಇವು ಆರು ಒಂದೇ ಬಿಳಿಯಲ್ಲ’ ಎಂದು ಬಿಚ್ಚಿಸಿದವಳು ಅವಳು. ಅವಳು ಹಳದಿ ಅಂದರೆ ಹಳದಿಯೇ ಇರಬೇಕು ಎಂದು ಎರಡು ದಿನ ನಾನು ದಂತವನ್ನು ಅನುಮಾನದಿಂದ ನೋಡಿದೆ. ಕಿಟಕಿಗೆ ಹಿಡಿದೆ, ಬಿಳಿ ಕಾಗದದ ಪಕ್ಕ ಇಟ್ಟೆ, ಪಕ್ಕದ ಮನೆಯ ಹುಡುಗಿಯನ್ನು ಕರೆದು ಕೇಳಿದೆ. ಅವಳಿಗೆ ಬಿಳಿಯಾಗಿಯೇ ಕಂಡಿತು.

ಕೊನೆಗೆ ತೀರ್ಮಾನ ಮಾಡಿದ್ದು ಕನ್ನಡಿ. ಬಟ್ಟೆ ಹಾಕಿ ನೋಡಲು ಬರುವವರು ಅದರ ಮುಂದೆ ನಿಲ್ಲುತ್ತಾರೆ. ಮುಖಕ್ಕೆ ಬೀಳುವ ಬೆಳಕು ಕಿಟಕಿಯದಷ್ಟೇ ಅಲ್ಲ, ಕನ್ನಡಿಯ ಸುತ್ತಲಿನ ಗೋಡೆಯದೂ ಹೌದು. ಎರಡೂ ರಟ್ಟನ್ನು ಸರದಿಯ ಮೇಲೆ ಕನ್ನಡಿಯ ಪಕ್ಕಕ್ಕೆ ನಿಲ್ಲಿಸಿ ನಾನೇ ಹೋಗಿ ನಿಂತೆ. ಪಾಚಿ ನಿಂತಾಗ ಕೆನ್ನೆಯ ಕೆಳಗೆ, ಗದ್ದದ ನೆರಳಿನಲ್ಲಿ ಸಣ್ಣಗೆ ಹಸಿರು ಕೂತು, ನಾಲ್ಕು ದಿನ ಜ್ವರದಲ್ಲಿ ಮಲಗಿ ಎದ್ದವಳ ಹಾಗೆ ಕಂಡೆ. ರಟ್ಟಿಗೇ ಹೀಗಾದರೆ ಗೋಡೆಗೆ ಗೋಡೆಯೇ ಹಸಿರಾದರೆ? ಬಂದವರು ಗೋಡೆಯನ್ನು ಬೈಯುವುದಿಲ್ಲ. ‘ಈ ಬಟ್ಟೆ ನನಗೆ ಒಪ್ಪಲಿಲ್ಲ’ ಅನ್ನುತ್ತಾರೆ. ಮುಖ ಕಳೆಗುಂದಿದ ಪಾಪ ಹೊಲಿದವಳ ತಲೆಗೆ. ದಂತ ಪಕ್ಕದಲ್ಲಿದ್ದಾಗ ಅಂಥ ಉಪದ್ರವ ಇಲ್ಲ. ಬೆಳಗ್ಗೆ ಹತ್ತಕ್ಕೆ ನಿಂತರಂತೂ ಪಕ್ಕದ ಮನೆಯವರ ಗೋಡೆ ಪುಕ್ಕಟೆಯಾಗಿ ಕೆನ್ನೆಗೆ ರಂಗು ಕೊಡುತ್ತದೆ.

ಇನ್ನೊಂದು ಪರೀಕ್ಷೆ ಬಿಳಿ ಬಟ್ಟೆಯದು. ಕಟಿಂಗ್ ಟೇಬಲ್ಲಿನ ಮೇಲೆ ಒಗೆದ ಬಿಳಿ ಹತ್ತಿ ಬಟ್ಟೆ ಹರಡಿ, ಹಿಂದೆ ರಟ್ಟು ನಿಲ್ಲಿಸಿದೆ. ಪಾಚಿಯ ಬುಡದಿಂದ ಒಂದು ಗೇಣು ದೂರದ ತನಕ ಬಟ್ಟೆಗೆ ತೆಳುಹಸಿರು. ಆ ಜಾಗದಲ್ಲಿ ದಾರ ಹೊಂದಿಸಲು ಕೂತರೆ ದಿನಾ ಬಾಗಿಲಾಚೆ ಓಡಬೇಕು. ಅಚ್ಚಾದ ಹಾಳೆಯ ಬಣ್ಣ ಪರೀಕ್ಷಿಸುವವರಿಗೆ ಐಎಸ್‌ಒ 3664 ಅಂತ ಒಂದು ಮಾನದಂಡವೇ ಇದೆ. ಅದರಲ್ಲಿ ಬೆಳಕು 5000 ಕೆಲ್ವಿನ್ನಿನದು (ಈ ಸಂಖ್ಯೆ ಇಳಿದಷ್ಟೂ ಬೆಳಕು ಹಳದಿ, ಏರಿದಷ್ಟೂ ನೀಲಿ), ಸುತ್ತಲಿನ ಮೇಲ್ಮೈ ಹೊಳಪಿಲ್ಲದ, ಯಾವ ಕಡೆಗೂ ವಾಲದ ಬೂದು. ನಾನು ಬೂದು ಬಣ್ಣದ ಗುಹೆಯಲ್ಲಿ ಕೂರಲಾರೆ. ಆದರೆ ಯಾವ ಕಡೆಗೂ ಹೆಚ್ಚು ವಾಲದ ಗೋಡೆ ಬೇಕು ಎಂಬ ಅರ್ಧ ಮಾತನ್ನು ಒಪ್ಪಿಕೊಂಡೆ. ಹೀಗೆ ದಂತ ಗೆದ್ದಿತು.

ಅಮ್ಮನಿಗೂ ಏನಾದರೂ ಕೊಡಬೇಕಲ್ಲ. ಅವಳು ಮಲಗಿ ನೋಡುವುದು ನನ್ನ ಬೆನ್ನ ಹಿಂದಿನ ಗೋಡೆಯನ್ನು ತಾನೇ, ಅದೊಂದಕ್ಕೆ ಪಾಚಿ, ಉಳಿದ ಮೂರಕ್ಕೆ ದಂತ ಎಂದು ಮಾತಾಯಿತು. ಒಂದು ಗೋಡೆಗೆ ಮಾತ್ರ ಬೇರೆ ಬಣ್ಣ ಹೊಡೆಸುವ ಶೋಕಿ ನನಗೆ ಮೊದಲಿಂದಲೂ ಆಗಿಬರುವುದಿಲ್ಲ. ಅರ್ಧಕ್ಕೇ ದುಡ್ಡು ಮುಗಿದು ಬಟ್ಟೆಗೆ ತೇಪೆ ಹಾಕಿದವರ ಕೆಲಸದ ಹಾಗಿರುತ್ತದೆ. ಇಲ್ಲಿ ಬೇರೆ ದಾರಿ ಇರಲಿಲ್ಲ.

ಹೊಡೆಯುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎರಡು ಮಾತು ಸಾಕು. ಹಳೆಯ ನೀಲಿಯ ಮೇಲೆ ಪ್ರೈಮರ್ ಆದ ಮೇಲೂ ದಂತಕ್ಕೆ ಮೂರು ಕೋಟ್ ಬೇಕಾಯಿತು, ಪಾಚಿಗೆ ಎರಡು ಸಾಕಾಗುತ್ತಿತ್ತು. ತಿಳಿಬಣ್ಣ ಅಂದರೆ ಕಡಿಮೆ ಕೆಲಸ ಅಂದುಕೊಂಡಿದ್ದರೆ ಅದು ತಿರುಗುಮುರುಗು. ಇನ್ನು ಸೀಲಿಂಗ್. ‘ಅಕ್ಕಾ, ಮೇಲಕ್ಕೆ ಅಚ್ಚಬಿಳಿ ಹೊಡೆದುಬಿಡೋಣ, ಎಲ್ಲರೂ ಅದನ್ನೇ ಹಾಕ್ಸೋದು’ ಅಂದರು ಪೇಂಟರು. ಒಂದು ಮೂಲೆಯಲ್ಲಿ ಹೊಡೆಸಿ ನೋಡಿದೆ. ಅಚ್ಚಬಿಳಿಯ ಪಕ್ಕ ಕೂತ ಕೂಡಲೇ ದಂತ ಕೊಳೆಯಾಯಿತು. ಮತ್ತೆ ಅದೇ ಶೆವ್ರಲ್ ಕಥೆ. ದಂತದ ಡಬ್ಬಿಯಲ್ಲೇ ಒಂದು ಪಾಲು ತೆಗೆದು ಮೂರು ಪಾಲು ಬಿಳಿಗೆ ಬೆರೆಸಿ ಮೇಲಕ್ಕೆ ಹೊಡೆಸಿದ ಮೇಲೆ ಗೋಡೆ ಸೀಲಿಂಗ್ ಜಗಳ ನಿಂತಿತು. ಸ್ವಿಚ್‌ಬೋರ್ಡುಗಳು ಮಾತ್ರ ಇವತ್ತಿಗೂ ತಮ್ಮ ನೀಲಿಬಿಳಿಯಲ್ಲಿ ಹಲ್ಲು ಕಿಸಿಯುತ್ತಿವೆ.

ಪಾಚಿ ಗೋಡೆಯಲ್ಲಿ ಎಡವಟ್ಟು ನನ್ನದೂ ಹೌದು, ಅಂಗಡಿಯದೂ ಹೌದು. ಗೋಡೆ 105 ಚದರ ಅಡಿ ಚಿಲ್ಲರೆ. ಡಬ್ಬಿಯ ಮೇಲೆ ಲೀಟರಿಗೆ 110 ಚದರ ಅಡಿ ಎಂದಿತ್ತು, ಸರಿಯಾಗಿ ಒಂದು ಲೀಟರ್ ತಂದೆ. ಆ ಲೆಕ್ಕ ಒಂದು ಕೋಟ್‌ಗೆ ಅನ್ನುವುದು ಹೊಳೆಯಲೇ ಇಲ್ಲ. ಎರಡನೇ ಕೋಟ್ ಶುರುಮಾಡಿ ಅಂಚುಗಳನ್ನೆಲ್ಲ ಬ್ರಷ್ಷಿನಲ್ಲಿ ತೀಡುವಷ್ಟರಲ್ಲಿ ಡಬ್ಬಿ ಖಾಲಿ. ಓಡಿಹೋಗಿ ಅದೇ ಅಂಗಡಿಯಲ್ಲಿ ಅದೇ ನಂಬರಿನ ಇನ್ನೊಂದು ಲೀಟರ್ ಬೆರೆಸಿಸಿ ತಂದೆ, ನಡುಭಾಗಕ್ಕೆ ರೋಲರ್ ಓಡಿತು. ಒಣಗಿದ ಮೇಲೆ ನೋಡಿದರೆ ಗೋಡೆಗೆ ಫೋಟೋ ಚೌಕಟ್ಟು ಹಾಕಿದ ಹಾಗಿದೆ. ಅಂಚಿನ ಪಾಚಿ ಬೇರೆ, ನಡುವಿನ ಪಾಚಿ ಬೇರೆ, ನಡುವಿನದು ಒಂದು ಕೂದಲೆಳೆ ನೀಲಿ. ಅಂಗಡಿಯ ಟಿಂಟಿಂಗ್ ಮೆಷಿನ್ನು ಬಿಳಿ ಬೇಸ್ ಪೇಂಟಿನೊಳಕ್ಕೆ ಬಣ್ಣವನ್ನು ಹನಿಹನಿಯಾಗಿ ಬಿಡುತ್ತದೆ. ಮೂತಿಯಲ್ಲಿ ಒಣಗಿದ ಬಣ್ಣ ಸಿಕ್ಕಿಕೊಂಡಿದ್ದರೆ ಸಾಕು, ಲೆಕ್ಕ ತಪ್ಪುತ್ತದೆ. ಅಂಗಡಿಯವರು ‘ನಂಬರ್ ಒಂದೇ ಅಲ್ವಾ’ ಅನ್ನುವುದನ್ನು ಬಿಟ್ಟು ಬೇರೆ ಮಾತಾಡಲಿಲ್ಲ. ಇನ್ನೂ ಒಂದು ಲೀಟರ್ ತಂದು, ಉಳಿದದ್ದರ ಜೊತೆ ಒಂದೇ ಬಕೆಟ್ಟಿಗೆ ಸುರಿದು ಕಲೆಸಿ, ಮೂರನೇ ಕೋಟ್ ಹೊಡೆಸಬೇಕಾಯಿತು. ಒಂದು ಗೋಡೆಗೆ ಬೇಕಾದದ್ದನ್ನೆಲ್ಲ ಒಂದೇ ಸಲ ತಂದು ಒಂದೇ ಬಕೆಟ್ಟಿನಲ್ಲಿ ಬೆರೆಸಿಕೊಳ್ಳಿ. ಬಟ್ಟೆಯನ್ನು ಒಂದೇ ಥಾನಿನಿಂದ ಕತ್ತರಿಸಬೇಕು ಅನ್ನುವುದು ಗೊತ್ತಿದ್ದವಳಿಗೆ ಇದು ಗೊತ್ತಾಗಲಿಲ್ಲವಲ್ಲ ಎಂಬ ನಾಚಿಕೆ ನನಗೆ ಇನ್ನೂ ಇದೆ.

ಈಗ ವರ್ಷದ ಮಾತು. ಎರಡೂ ಹೊಳಪಿಲ್ಲದ ಮ್ಯಾಟ್. ಪುಟ್ಟಿ ಕೆಲಸದ ಉಬ್ಬುತಗ್ಗು ಮುಚ್ಚಿಕೊಳ್ಳುತ್ತದೆ ಅಂತ ಮ್ಯಾಟ್ ಆರಿಸಿದ್ದೆ, ಮುಚ್ಚಿಕೊಂಡಿದೆ. ಕಿಟಕಿಯ ಓರೆ ಬೆಳಕಿನಲ್ಲಿ ನೋಡಿದರೂ ರೋಲರಿನ ಗೆರೆ ಕಾಣುವುದಿಲ್ಲ. ಆದರೆ ಬಾಳಿಕೆಯಲ್ಲಿ ಪಾಚಿ ಸೋತಿತು. ನಾನು ಕುರ್ಚಿ ಹಿಂದಕ್ಕೆ ಸರಿಸಿದಾಗಲೆಲ್ಲ ಅದು ಗೋಡೆಗೆ ತಾಗಿ, ಅಲ್ಲೊಂದು ಹೊಳೆಯುವ ಅರ್ಧಚಂದ್ರ ಮೂಡಿದೆ. ಕೊಳೆಯಲ್ಲ, ಉಜ್ಜಿ ಉಜ್ಜಿ ಮ್ಯಾಟ್ ಪಾಲಿಶ್ ಆಗಿರುವುದು. ಒದ್ದೆ ಬಟ್ಟೆಯಿಂದ ಒರೆಸಲು ಹೋದರೆ ಹೊಳಪು ಇನ್ನಷ್ಟು ಹರಡಿತು. ಟೈಲರ್ ಚಾಕಿನ ಬಿಳಿ ಪುಡಿ, ಬಟ್ಟೆಯ ನೂಲು ಅದರ ಮೇಲೆ ಎದ್ದು ಕಾಣುತ್ತವೆ. ದಂತದ ಮೇಲೂ ಇದೆಲ್ಲ ಕೂರುತ್ತದೆ, ಕಾಣುವುದಿಲ್ಲ, ಅಷ್ಟೇ. ದಂತಕ್ಕೆ ಕಂಟಕ ಮೆಷಿನ್ನಿನ ಎಣ್ಣೆ ಕೈ. ಸ್ವಿಚ್ಚಿನ ಸುತ್ತ ಬೆರಳಿನ ಗುರುತು ಆರು ತಿಂಗಳಲ್ಲೇ ಮೂಡಿತ್ತು. ಉಳಿಸಿಟ್ಟ ಡಬ್ಬಿಯಿಂದ ಒಂದು ಸಣ್ಣ ಟಚ್‌ಅಪ್ ಮಾಡಿದೆ, ಎಲ್ಲಿ ಮಾಡಿದೆ ಅಂತ ಈಗ ನನಗೇ ಗೊತ್ತಾಗುವುದಿಲ್ಲ. ಪಾಚಿಯಲ್ಲಿ ಹಾಗೇ ಮಾಡಿ ಒಂದು ಮಚ್ಚೆ ಉಳಿಸಿಕೊಂಡಿದ್ದೇನೆ. ಓಡಾಟದ ಗೋಡೆಗೆ ಪಾಚಿಯಂಥ ಬಣ್ಣ ಬೇಕೇಬೇಕು ಅನ್ನುವವರು ಮ್ಯಾಟ್ ಬಿಟ್ಟು ಸ್ವಲ್ಪ ಹೊಳಪಿನದು ತೆಗೆದುಕೊಳ್ಳಲಿ, ಪುಟ್ಟಿಯವನಿಗೆ ಇನ್ನೊಂದು ದಿನ ಹೆಚ್ಚು ಕೊಡಲಿ.

ದೀಪದ ವಿಷಯದಲ್ಲಿ ಎರಡೂ ತರಲೆಯೇ. ಇದ್ದದ್ದು 6500 ಕೆಲ್ವಿನ್ನಿನ ಟ್ಯೂಬು. ಅದರಲ್ಲಿ ದಂತ ಸುಣ್ಣದ ಹಾಗೆ, ಪಾಚಿ ಆಸ್ಪತ್ರೆಯ ಹಾಗೆ. ಬೆಚ್ಚಗಿರಲಿ ಎಂದು 3000ದ ಬಲ್ಬು ಹಾಕಿದರೆ ಪಾಚಿ ಖಾಕಿಯಾಯಿತು, ದಂತ ಹಳದಿಯಾಯಿತು. 4000 ಕೆಲ್ವಿನ್, ಸಿಆರ್‌ಐ 90ರ ಮೇಲಿನದು ತಂದ ಮೇಲೆ ಎರಡೂ ತಮ್ಮ ತಮ್ಮ ಮುಖಕ್ಕೆ ಬಂದವು. ಸಿಆರ್‌ಐ ಅಂದರೆ ಬಣ್ಣವನ್ನು ಎಷ್ಟು ನಿಯತ್ತಾಗಿ ತೋರಿಸುತ್ತದೆ ಎಂಬ ಅಂಕ, ನೂರಕ್ಕೆ ಲೆಕ್ಕ. ಬಣ್ಣದ ಡಬ್ಬಿಗೆ ಇಷ್ಟು ಅಲೆಯುವವರು ಬಲ್ಬಿನ ಡಬ್ಬಿಯನ್ನೂ ಒಮ್ಮೆ ತಿರುಗಿಸಿ ಓದಿದರೆ ಕಳೆದುಕೊಳ್ಳುವುದೇನಿಲ್ಲ.

ಎಣಿಸದ ಒಂದು ಲಾಭವೂ ಬಂತು. ಕನ್ನಡಿಯ ಮುಂದೆ ನಿಂತವರ ಹಿನ್ನೆಲೆಯಲ್ಲಿ ಕಾಣುವುದು ಈಗ ಪಾಚಿಯ ಗೋಡೆ. ಮುಖಕ್ಕೆ ಬೀಳುವ ಬೆಳಕು ದಂತದ್ದು, ಹಿಂದೆ ಹಸಿರು. ಹಸಿರು ತನ್ನ ಪಕ್ಕದ್ದನ್ನು ಕೆಂಪಿನ ಕಡೆಗೆ ತಳ್ಳುತ್ತದೆ. ಕೆನ್ನೆಗಳು ಒಂದಿಷ್ಟು ಕೆಂಪಗೆ ಕಾಣುತ್ತವೆ. ಬಂದವರೆಲ್ಲ ಈಗ ಕನ್ನಡಿಯ ಮುಂದೆ ಎರಡು ನಿಮಿಷ ಜಾಸ್ತಿ ನಿಲ್ಲುತ್ತಾರೆ. ತೇಪೆ ಅಂತ ಬೈದಿದ್ದ ಗೋಡೆಯೇ ನನ್ನ ಹೊಲಿಗೆಗೆ ಹೆಸರು ತಂದುಕೊಡುತ್ತಿದೆ.

ಒಂದು ತಿಂಗಳ ಹಿಂದೆ ಅಮ್ಮನ ಬಲಗಣ್ಣಿಗೆ ಪೊರೆಯ ಆಪರೇಷನ್ ಆಯಿತು. ವಯಸ್ಸಾದ ಹಾಗೆ ಕಣ್ಣಿನ ಮಸೂರ ಹಳದಿಗಟ್ಟುತ್ತದಂತೆ, ನೀಲಿ ಬೆಳಕನ್ನು ಒಳಗೆ ಬಿಡುವುದಿಲ್ಲವಂತೆ. ದಿನಕ್ಕಿಷ್ಟು ಅಂತ ನಿಧಾನಕ್ಕೆ ಆಗುವುದರಿಂದ ನೋಡುವವರಿಗೆ ಗೊತ್ತೇ ಆಗುವುದಿಲ್ಲ ಎಂದರು ಡಾಕ್ಟರು. ಪಟ್ಟಿ ತೆಗೆದ ಮೇಲೆ ಮನೆಗೆ ಬಂದವಳು ಮಂಚದ ಮೇಲೆ ಕೂತು ಕನ್ನಡಿಯ ಗೋಡೆಯನ್ನು ಬಹಳ ಹೊತ್ತು ನೋಡಿದಳು. ‘ಇದು ಇಷ್ಟು ಬೆಳ್ಳಗಿತ್ತೇನೇ?’ ಅಂದಳು. ಆಮೇಲೆ ತನ್ನ ಪಾಚಿಯ ಗೋಡೆಯ ಕಡೆ ತಿರುಗಿ, ಅಂಗೈಯನ್ನು ಎಡಗಣ್ಣಿಗೆ ಅಡ್ಡ ಹಿಡಿದಳು, ತೆಗೆದಳು, ಬಲಗಣ್ಣಿಗೆ ಹಿಡಿದಳು, ಮತ್ತೆ ಎಡಗಣ್ಣಿಗೆ.

‘ಈ ಕಣ್ಣಿಗೆ ನಾನು ಆರಿಸಿದ ಬಣ್ಣ ಕಾಣುತ್ತೆ ಕಣೇ. ಈ ಕಣ್ಣಿಗೆ ನೀನು ಹೊಡೆಸಿದ ಬಣ್ಣ.’

ಎಡಗಣ್ಣಿನದು ಮುಂದಿನ ತಿಂಗಳು. ಅಲ್ಲಿಯ ತನಕ ಕಾಯುವವಳಲ್ಲ ಅವಳು. ದಾರದ ಡಬ್ಬಿ ತರಿಸಿಕೊಂಡು, ಒಂದು ಕಣ್ಣು ಮುಚ್ಚಿಕೊಂಡೇ, ಕಪ್ಪು ರೀಲುಗಳ ನಡುವೆ ಸೇರಿಹೋಗಿದ್ದ ನೇವಿ ಬ್ಲೂ ರೀಲುಗಳನ್ನು ಹೆಕ್ಕಿ ಹೆಕ್ಕಿ ಬೇರೆ ಇಡತೊಡಗಿದಳು.